ಆರು ತೂತು

"ಕಾಲಿನ ಕಡೆ ಸ್ವಲ್ಪ ಎತ್ತಿ," ಎಂದ ಲಾರಿ ಡ್ರೈವರ್. ಬಾಮೈದ ಎತ್ತಿದ. ಭಾವನ ಹೆಣ ಐಸ್ ಗಡ್ಡೆಗಳ ನಡುವೆ ಲಾರಿಯಲ್ಲಿ ಮಲಗಿದ ಮೇಲೆ ಅವನು ಮೊದಲು ನೋಡಿದ್ದು ಮುಖವನ್ನಲ್ಲ, ಲಾರಿಯ ನೆಲವನ್ನು. ಎಲ್ಲಾದರೂ ತುಕ್ಕು ಹಿಡಿದಿದೆಯೇ ಎಂದು ಕಣ್ಣಲ್ಲೇ ತಡಕಿದ. ಎಲ್ಲೂ ಇರಲಿಲ್ಲ. ಹೊಟ್ಟೆಯೊಳಗೆ ಹಳೆಯ ಉರಿ ಎದ್ದಿತು. ಸತ್ತವನ ಮೇಲೂ ಹೊಟ್ಟೆಕಿಚ್ಚೇ ಎಂದು ನಾಚಿಕೆಯಾಯಿತು, ಆದರೆ ಕಿಚ್ಚು ಆರಲಿಲ್ಲ.

"ಹನ್ನೆರಡು ವರ್ಷ ಆಯ್ತು ನಿಮ್ಮ ಭಾವ ಈ ನೆಲ ಹಾಕಿ," ಎಂದ ಡ್ರೈವರ್. "ಅದಕ್ಕೇ ಇವತ್ತು ಬೇರೆ ಗಾಡಿ ಬೇಡ ಅಂದೆ."

"ಗೊತ್ತು," ಎಂದ ಬಾಮೈದ.

* * *

ಆ ಹಳೆಯ ಲಾರಿ ರಿಪೇರಿಗೆಂದು ಮೊದಲು ಬಂದದ್ದು ಬಾಮೈದನ ಕೈಗೆ. ತುಕ್ಕು ಕೆರೆದು, ಡಾಂಬರು ಬಳಿದು, ದಪ್ಪ ರಬ್ಬರ್ ಹಾಸಿ, ಹನಿ ನೀರೂ ಇಳಿಯದಂತೆ ಅಂಚು ಮುಚ್ಚಿದ್ದ. ಎರಡು ಮಳೆಗಾಲ ಕಳೆದು ರಬ್ಬರ್ ಎತ್ತಿದರೆ ಅಡಿಯ ತಗಡು ಜರಡಿಯಾಗಿತ್ತು. ಡ್ರೈವರ್ ಅವನನ್ನು ದಾಟಿಕೊಂಡು ಹೋಗಿ ಭಾವನನ್ನು ಕರೆದ. ಭಾವ, ಬಾಮೈದ ಇಬ್ಬರದೂ ಒಂದೇ ಶೆಡ್ಡು. ಆದರೂ ಬಂದವರೆಲ್ಲ ಕೇಳುತ್ತಿದ್ದುದು ಭಾವನನ್ನೇ.

ಭಾವ ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ಬೆಸೆದು, ಎರಡು ಸಲ ಬಣ್ಣ ಬಳಿದ. ಆಮೇಲೆ ಹಿಂಬದಿಯ ಅಂಚಿಗೆ ಸಾಲಾಗಿ ಆರು ತೂತು ಕೊರೆದ.

"ತಲೆ ಕೆಟ್ಟಿದೆಯಾ ಭಾವ ನಿಮಗೆ? ರಿಪೇರಿ ಮಾಡಿ ಯಾರಾದ್ರೂ ತೂತು ಮಾಡ್ತಾರಾ?"

"ನೀರು ಹೇಗಾದ್ರೂ ಬರುತ್ತೆ ಕಣೋ. ನಿಲ್ಲಬಾರದು, ಅಷ್ಟೆ."

"ಕಸ ಕಟ್ಕೊಂಡು ಒಂದು ದಿನ ನಿಂತೇ ನಿಲ್ಲುತ್ತೆ. ಬರೆದಿಟ್ಕೊಳ್ಳಿ."

"ನಿಂತ ದಿನ ಬಂದು ನಗು. ಬರ್ತಾ ಕಸ ಚುಚ್ಚೋಕೆ ಒಂದು ಮೊಳೆ ತಗೊಂಡು ಬಾ."

ಆ ದಿನಕ್ಕಾಗಿ ಬಾಮೈದ ಕಾದ. ಲಾರಿ ಶೆಡ್ಡಿಗೆ ಬಂದಾಗಲೆಲ್ಲ ಯಾರಿಗೂ ಕಾಣದಂತೆ ಅಡಿಗೆ ತೂರಿ ನೋಡುತ್ತಿದ್ದ.

* * *

ಲಾರಿ ನಿಧಾನವಾಗಿ ಹೊರಟಿತು. ಅಕ್ಕ ಗಂಡನ ತಲೆಯ ಬಳಿ ಕೂತಿದ್ದಳು, ಬಾಮೈದ ಕಾಲಿನ ಬಳಿ. ಬಿಸಿಲಿಗೆ ಐಸ್ ಕರಗಿ, ನೀರು ತೂತುಗಳಲ್ಲಿ ಇಳಿದುಹೋಗುತ್ತಿತ್ತು. ಅರ್ಧ ದಾರಿಯಲ್ಲಿ ಹಾರಗಳಿಂದ ಉದುರಿದ ದಳಗಳು ತೇಲಿಬಂದವು. ಒಂದು ತೂತು ಕಟ್ಟಿತು, ಮತ್ತೊಂದು, ಮಗದೊಂದು. ನೀರು ಏರಿ ಭಾವನ ಮೇಲೆ ಹೊದಿಸಿದ ಬಿಳಿ ಬಟ್ಟೆಯ ಅಂಚನ್ನು ಮುಟ್ಟಿತು.

"ನೀರು ನಿಲ್ತಾ ಇದೆಯಲ್ಲ," ಎಂದ ಜೊತೆಗೆ ಲಾರಿ ಹತ್ತಿದ್ದ ಪಕ್ಕದ ಮನೆಯವನು. "ನೆಲ ಸರಿ ಇಲ್ಲ ಅನ್ಸುತ್ತೆ."

ಹನ್ನೆರಡು ವರ್ಷ ಕಾದಿದ್ದ ಮಾತು. ಬಾಮೈದ ಬಾಯಿ ತೆರೆದ. ಅಕ್ಕ ಅವನನ್ನೇ ನೋಡುತ್ತಿದ್ದಳು.

"ನೆಲ ಸರಿಯಾಗೇ ಇದೆ," ಎಂದ. "ಹೂವು ಕಟ್ಕೊಂಡಿದೆ."

ಜೇಬು ತಡಕಿದ. ಮೊಳೆ ಇರಲಿಲ್ಲ. ನೀರಿನಲ್ಲೇ ಮಂಡಿಯೂರಿ ಕಿರುಬೆರಳು ತೂರಿಸಿದ. ದಳ ಕೆಳಕ್ಕೆ ಬಿತ್ತು. ಬೆರಳಿಗೆ ತೂತಿನ ಅಡಿಯ ಅಂಚು ಸಿಕ್ಕಿತು. ಯಾರ ಕಣ್ಣಿಗೂ ಬೀಳದ ಆ ಅಂಚನ್ನೂ ಭಾವ ಅರ ಹಾಕಿ ಉಜ್ಜಿ ಬಳೆಯಂತೆ ನುಣುಪು ಮಾಡಿದ್ದ. ಅಲ್ಲೂ ಒಂದು ತಪ್ಪು ಬಿಟ್ಟಿಲ್ಲವಲ್ಲ ಈ ಮನುಷ್ಯ ಎಂದು ಬಾಮೈದನ ಹೊಟ್ಟೆ ಮತ್ತೆ ಉರಿಯಿತು, ಕಣ್ಣೂ ಉರಿಯಿತು.

ಸ್ಮಶಾನದ ಗೇಟು ಬರುವವರೆಗೂ ಅವನು ಮೇಲೇಳಲಿಲ್ಲ. ಮಂಡಿಯ ಮೇಲೆಯೇ ಒಂದು ತೂತಿನಿಂದ ಇನ್ನೊಂದಕ್ಕೆ ಸರಿಯುತ್ತಿದ್ದ. ಲಾರಿಯ ಹಿಂದೆ ಧೂಳಿನ ರಸ್ತೆಯಲ್ಲಿ ಆರು ಒದ್ದೆ ಗೆರೆಗಳು ಬೀಳುತ್ತಿದ್ದವು.