ಅತ್ತಿಕೊಂಬೆಯ ನೊರೆಗೂಡು

ದೇವಸಮುದ್ರ ಊರಿನಾಚೆ ಹಳೆಯ ಬಾವಿಯೊಂದರ ಮೇಲೆ ಬಾಗಿದ ಅತ್ತಿಮರದಲ್ಲಿ ಆ ಮಳೆಗಾಲ ನನಗೆ ಸಿಕ್ಕಿದ್ದು ಮರಗಪ್ಪೆಯ ಒಂದೇ ಗೂಡು. ಮುಷ್ಟಿಗಾತ್ರದ ಬಿಳಿ ನೊರೆ, ಅದರೊಳಗೆ ಮೊಟ್ಟೆ. ನಾಲ್ಕೈದು ದಿನಕ್ಕೆ ಗೊದಮೊಟ್ಟೆಗಳು ನೊರೆ ಬಿಟ್ಟು ಕೆಳಗಿನ ನೀರಿಗೆ ಬೀಳಬೇಕು. ಕಪ್ಪೆಗಳ ಅಧ್ಯಯನಕ್ಕೆಂದು ಮೂರು ವರ್ಷದಿಂದ ಸುತ್ತಲಿನ ಬಾವಿಗಳನ್ನೆಲ್ಲ ನೋಡುತ್ತ ಬಂದಿದ್ದೆ. ಈ ಕಪ್ಪೆ ಉಳಿದಿದ್ದುದು ಇಲ್ಲಿ ಮಾತ್ರ.

ಕುರಿ ಕಾಯುವ ಕ್ಯಾತಪ್ಪ ಕುರಿಮರಿಗಳಿಗೆ ಸೊಪ್ಪು ಕಡಿಯುತ್ತಿದ್ದುದೂ ಇದೇ ಮರದಿಂದ. ಕಪ್ಪೆಮರಿಗಳು ನೀರಿಗೆ ಬೀಳುವವರೆಗೆ ಗೂಡಿರುವ ಈ ಕೊಂಬೆಯೊಂದನ್ನು ಕಡಿಯಬೇಡಿ ಎಂದು ಕೇಳಿಕೊಂಡೆ.

"ಕಪ್ಪೆಗೂ ರೇಷನ್ ಕಾರ್ಡ್ ಮಾಡ್ಸಾಕೆ ಬಂದೀಯೇನವ್ವ?" ಎಂದು ನಕ್ಕರು. ಆದರೆ ಕಂಬಳಿಯ ಅಂಚಿನಿಂದ ಕರಿಯ ಉಣ್ಣೆಯ ಎಳೆ ಕಿತ್ತು ಕೊಂಬೆಗೆ ಕಟ್ಟಿದರು. ಎಳೆ ಕಟ್ಟಿದ ಕೊಂಬೆಗೆ ಅವರ ಹಟ್ಟಿಯವರು ಯಾರೂ ಕೊಡಲಿ ಹಾಕುವುದಿಲ್ಲ.

"ನಂಗೆ ಕೊಟ್ಟ ಮಾತು ಒಂದಾದ್ರೂ ಹಿಂಗೆ ಕಟ್ಟಿಟ್ಟಿದ್ದೀಯಾ?" ಎಂದರು ಜೊತೆಗಿದ್ದ ಅವರ ಹೆಂಡತಿ ಪಾಪಕ್ಕ.

"ನೀನೂ ಕಪ್ಪೆಯಾಗು, ಕಟ್ತೀನಿ."

ನಾಲ್ಕನೆಯ ದಿನ ಬಸ್ಸಿಳಿದು ನಡೆದು ಬಂದಾಗ ಬಾವಿಯ ಮೇಲೆ ಆಕಾಶ ಹೆಚ್ಚು ಕಂಡಿತು. ಗೂಡಿನ ಕೊಂಬೆ, ಕರಿಯ ಎಳೆ ಹಾಗೆಯೇ ಇದ್ದವು. ಅದರ ಮೇಲಿನ ಕೊಂಬೆಗಳೆಲ್ಲ ಹೋಗಿದ್ದವು.

"ಒಂದೆಲೆ ಮುಟ್ಟಿಲ್ಲ ನೋಡವ್ವ," ಎಂದರು ಕ್ಯಾತಪ್ಪ. "ಮರಿಗಳಿಗೆ ಸೊಪ್ಪು ಸಾಲ್ದೆ ಮಿಕ್ಕಿದ್ದೆಲ್ಲ ಮೊನ್ನೆ ಇಳಿಸ್ದೆ. ನಿನ್ನ ಕೊಂಬೆ ಹಂಗೇ ಐತೆ."

ಎರಡು ದಿನದ ಬಿಸಿಲಿಗೆ ನೊರೆ ಹಳದಿಯಾಗಿ ಬಿರುಕು ಬಿಟ್ಟಿತ್ತು. ಬೆರಳಿಂದ ಒತ್ತಿದೆ, ಒಳಗೂ ಒಣಗಿತ್ತು. ಚೂರೊಂದನ್ನು ಮಸೂರದಡಿ ಹಿಡಿದೆ. ಬಾಲ ಮೂಡಿದ್ದ ಮರಿಗಳು ಮೊಟ್ಟೆಯೊಳಗೇ ಸಾಸಿವೆ ಕಾಳಿನಂತೆ ಗಟ್ಟಿಯಾಗಿದ್ದವು.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಗೂಡಿನ ಅಗಲ, ನೀರಿನಿಂದ ಅದರ ಎತ್ತರ, ಗಾಳಿಯ ತೇವಾಂಶ, ನೆರಳು ಎಲ್ಲವೂ ಇತ್ತು. ಕ್ಯಾತಪ್ಪನವರಿಗೆ ಹೇಳಿದ್ದು ಕೊಂಬೆಯ ಮಾತನ್ನಷ್ಟೇ.

"ಕಪ್ಪೆಮರಿ ನೀರಿಗೆ ಬಿದ್ವಾ?" ಎಂದು ಕೇಳಿದರು.

"ಇಲ್ಲ. ಮೇಲೆ ನೆರಳು ಬೇಕಿತ್ತು. ನಿಮಗೆ ಹೇಳದೆ ಹೋದದ್ದು ನನ್ನ ತಪ್ಪು."

ಅವರು ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಬಾವಿಗಿಳಿದು ಹೆಗಲ ಕಂಬಳಿಯನ್ನು ನೀರಲ್ಲಿ ಅದ್ದಿ ತಂದು, ಗೂಡಿನ ಮೇಲೆ ಉಳಿದಿದ್ದ ಮೋಟುಗಳಿಗೆ ಹರಡಿ ಕಟ್ಟತೊಡಗಿದರು.

"ಈ ತುದಿ ಹಿಡ್ಕಾ," ಎಂದರು.

ಗೂಡಿನೊಳಗೆ ಒಂದೂ ಉಳಿದಿಲ್ಲವೆಂದು ಗೊತ್ತಿದ್ದೂ ಹಿಡಿದುಕೊಂಡೆ. ಕಂಬಳಿಯ ನೀರು ಗೂಡಿನ ಮೇಲೆ ತೊಟ್ಟಿಕ್ಕುತ್ತಿತ್ತು.