ಸುಣ್ಣ ಬಳಿದ ಕಲ್ಲುಗಳು

ದಾಕ್ಷಾಯಣಿ ಆ ಕಲ್ಲುಗಳನ್ನು ಮೊದಲೇ ನೋಡಿದ್ದಳು. ಇದನ್ನು ಆಕೆ ಆಮೇಲೆ ಎಷ್ಟು ಬಗೆಯಲ್ಲಿ ತಿರುಗಿಸಿ ಮುರುಗಿಸಿ ತನಗೆ ತಾನೇ ಹೇಳಿಕೊಂಡರೂ ಮಾತು ಬೇರೆಯಾಗಲಿಲ್ಲ. ಟ್ರ್ಯಾಕ್ಟರ್ ಬರುವ ಮುಂಚೆ, ಬುಟ್ಟಿ ಸಲಿಕೆ ಹಂಚುವ ಮುಂಚೆ, ನೋಡಿದ್ದಳು.

ಐತವಾರ ಮಂಡಳ ಎಂದರೆ ಈಗ ಮಹಾರಾಷ್ಟ್ರದ ಗಡಿಯ ಜತ್ತಿನಲ್ಲಿ ಗೊತ್ತಿಲ್ಲದವರಿಲ್ಲ. ಮೂರು ವರ್ಷದ ಕೆಳಗೆ ಎಂಟು ಮಂದಿ ಕೂಡಿ ಬಸ್ ಸ್ಟ್ಯಾಂಡಿನ ಹಿಂದಿನ ಗಟಾರ ಬಳಿದದ್ದೇ ಅದರ ಹುಟ್ಟು. ಈಗ ಭಾನುವಾರ ಬೆಳಿಗ್ಗೆ ಆರೂವರೆಗೆಲ್ಲ ಎಪ್ಪತ್ತು ಎಂಬತ್ತು ಜನ ಸೇರುತ್ತಾರೆ. ಅದರ ಯಜಮಾನ, ಗೊಬ್ಬರದ ಅಂಗಡಿಯ ಮಹಾಂತ, ಕೆಟ್ಟ ಮನುಷ್ಯನಲ್ಲ. ಗಟಾರಕ್ಕೆ ಇಳಿಯುವುದಿದ್ದರೆ ಧೋತರ ಎತ್ತಿ ಕಟ್ಟಿ ತಾನೇ ಮೊದಲು ಇಳಿಯುವವನು. ಹೋದ ಮಳೆಗಾಲದಲ್ಲಿ ದಾಕ್ಷಾಯಣಿ ಕಲಿಸುವ ಕನ್ನಡ ಶಾಲೆಯ ಎರಡು ಕೋಣೆಗಳ ಮೇಲಿನ ತಗಡಿನ ಪತ್ರಾಸು ಹಾರಿಹೋಗಿತ್ತು. ಕೊಟ್ಟ ಅರ್ಜಿಗಳೆಲ್ಲ ಯಾವುದೋ ಕಪಾಟಿನಲ್ಲಿ ಮಲಗಿದ್ದಾಗ ಮಂಡಳದವರು ಎರಡೇ ಭಾನುವಾರದಲ್ಲಿ ಹೊಸ ಪತ್ರಾಸು ಹೊದಿಸಿ ಹೋದರು. ಅಂದಿನಿಂದ ಆಕೆಯೂ ಮಂಡಳದವಳಾದಳು. ಅಕ್ಷರ ದುಂಡಗಿದ್ದುದರಿಂದ ಹಾಜರಿ ಪುಸ್ತಕ ಆಕೆಯ ಕೈಗೆ ಬಂತು. ಫೋಟೋ ತೆಗೆಯುವ ಕೆಲಸವೂ ಬಂತು. ಶಾಲೆಗೆ ಕಂಪೌಂಡ್ ಗೋಡೆ ಇನ್ನೂ ಆಗಬೇಕಿತ್ತು. ಆ ಗೋಡೆಯ ಮಾತು ಮಹಾಂತನ ಬಾಯಿಂದ ಆಗಾಗ ಬರುತ್ತಿತ್ತು.

ಈ ವರ್ಷ ಸ್ವಚ್ಛ ಊರಿನ ಸ್ಪರ್ಧೆ. ಊರ ಹೊರಗಿನ ಕೆರೆ ದಂಡೆಯ ಪಾಳುಜಾಗವನ್ನು ಹಸನು ಮಾಡಿ, ಸಸಿ ನೆಟ್ಟು, ನಡೆದಾಡಲು ಟ್ರ್ಯಾಕ್ ಹಾಕುವುದೆಂದು ಮಂಡಳ ನಿರ್ಧರಿಸಿತು. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂಬ ಫೋಟೋಗಳನ್ನು ಸ್ಪರ್ಧೆಯ ಅಹವಾಲಿಗೆ, ಅಂದರೆ ವರದಿಗೆ, ಹಚ್ಚಬೇಕು. ಅದಕ್ಕೇ ಏಪ್ರಿಲ್ಲಿನ ಆ ಭಾನುವಾರ ದಾಕ್ಷಾಯಣಿ ಎಲ್ಲರಿಗಿಂತ ಮುಂಚೆ ಹೋದಳು. ಹರಿದ ಚೀಲ, ಒಡೆದ ಬಾಟಲಿ, ಸತ್ತ ನಾಯಿ. ಇವೆಲ್ಲದರಿಂದ ಸ್ವಲ್ಪ ದೂರ, ಒಂದು ಜಾಲಿಗಿಡದ ಬುಡದಲ್ಲಿ ಏಳು ಕಲ್ಲು. ಒಂದರಂತೆ ಇನ್ನೊಂದಿಲ್ಲ. ಒಂದು ಕಪ್ಪು, ಒಂದು ಹೊಳೆಯ ನುಣುಪು, ಒಂದು ಕೊಂಕಣದ ಕಡೆಯ ಕೆಂಪು ಜಂಬಿಟ್ಟಿಗೆ. ಮೇಲಿನ ಕಲ್ಲಿಗೆ ಮಾಸಿದ ಅರಿಶಿನ.

ಅವು ಯಾರ ಕಲ್ಲೆಂದು ಆಕೆಗೆ ಗೊತ್ತಿತ್ತು. ಕುರಿ ಮಂದೆಯ ಯಲ್ಲವ್ವ ವರ್ಷವೂ ಮಳೆಗಾಲದ ಮೊದಲಿಗೆ ದಾಕ್ಷಾಯಣಿಯ ಗಂಡನ ಮನೆಯ ಹೊಲದಲ್ಲಿ ಮೂರು ದಿನ ಕುರಿ ನಿಲ್ಲಿಸುತ್ತಿದ್ದಳು. ಹೊಲಕ್ಕೆ ಹಿಕ್ಕೆ, ಅವರಿಗೆ ಜೋಳ ಮತ್ತು ಎರಡು ಹೊತ್ತಿನ ಊಟ. ಒಂದು ವರ್ಷ ಮಂದೆ ಕೆರೆ ದಂಡೆಯಲ್ಲಿ ಇಳಿದಿದ್ದಾಗ ಆಕೆಯ ಮಗಳು, ನಾಲ್ಕು ವರ್ಷದ ಕಾಜಲ್, ಜ್ವರದಲ್ಲಿ ತೀರಿಕೊಂಡಳು. ಅಲ್ಲೇ ಮಣ್ಣು ಮಾಡಿದರು. ಅಲ್ಲಿಂದ ಆ ಮನೆಯವರದೊಂದು ಪದ್ಧತಿಯಾಯಿತು. ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಘಟ್ಟ ಇಳಿದವರು, ಎಲ್ಲಿಗೆ ಹೋಗಿ ಹಿಂದಕ್ಕೆ ತಿರುಗುತ್ತಾರೋ ಅಲ್ಲಿಯ ಒಂದು ಕಲ್ಲನ್ನು ಹೊತ್ತು ತಂದು ಮಗುವಿನ ಮೇಲೆ ಇಡುವುದು.

"ಅಕಿ ಘಾಟ ನೋಡಿಲ್ಲ, ಸಮುದ್ರ ನೋಡಿಲ್ರಿ ಬಾಯಾರ," ಎಂದು ಯಲ್ಲವ್ವ ಒಮ್ಮೆ ರೊಟ್ಟಿ ಮುರಿಯುತ್ತ ಹೇಳಿದ್ದಳು. "ಅವ್ವ ಅಪ್ಪ ಎಲ್ಲಿತನಕ ಹೋಗಿದ್ರು ಅಂತ ಅಕಿಗೂ ತಿಳೀಬೇಕಲ್ಲ?"

ಏಳು ಸಲ ಹೋಗಿ ಬಂದಿದ್ದರು. ಏಳು ಕಲ್ಲು.

ದಾಕ್ಷಾಯಣಿ ಫೋಟೋ ತೆಗೆದಳು. ಹೇಳಬೇಕೆಂದು ಮಹಾಂತನ ಹತ್ತಿರ ಹೋದಳು.

"ಅಲ್ಲಿ ಜಾಲಿಗಿಡದ ಬುಡಕ ಒಂದಿಷ್ಟು ಕಲ್ಲ ಅದಾವ್ರಿ..."

"ಮೇಡಮ್, ಕಲ್ಲಿಲ್ಲದ ಜಾಗ ಯಾವುದ್ರಿ ನಮ್ಮ ತಾಲೂಕಿನ್ಯಾಗ? ಬಿತ್ತಿದ್ದ ಬೆಳೀವಲ್ದು, ಕಲ್ಲ ಮಾತ್ರ ತಾವ ಬೆಳೀತಾವ!"

ಸುತ್ತ ನಿಂತವರು ನಕ್ಕರು. ದಾಕ್ಷಾಯಣಿಯೂ ನಕ್ಕಳು. ಜನರ ನಡುವೆ ಬೇಡ, ಚಹಾದ ಹೊತ್ತಿಗೆ ಆತನೊಬ್ಬನೇ ಸಿಕ್ಕಾಗ ಸರಿಯಾದ ಮಾತಿನಲ್ಲಿ ಹೇಳಿದರಾಯಿತು ಎಂದುಕೊಂಡಳು. ಸಮಾಧಿ ಎನ್ನಬೇಕೋ ಗುರುತು ಎನ್ನಬೇಕೋ. ಸಮಾಧಿ ಎಂದರೆ ಜನ ಬೆದರಿ ಕೆಲಸ ಬಿಟ್ಟಾರು, ಗುರುತು ಎಂದರೆ ಯಾರೂ ಲಕ್ಷ್ಯ ಕೊಡಲಿಕ್ಕಿಲ್ಲ. ಚಹಾ ತಂದ ರುಕ್ಮವ್ವ ಲೋಟ ಕೈಗಿಟ್ಟಳು. ಮಹಾಂತ ಹತ್ತಿರ ಬಂದ. ಆದರೆ ಬಂದವನು, "ಇದೊಂದು ಮುಗೀಲಿ, ಮುಂದ ನಿಮ್ಮ ಸಾಲಿ ಗೋಡಿನ ನೋಡ್ರಿ," ಎಂದ. ಆ ಮಾತಿನ ಬೆನ್ನಿಗೆ ಇನ್ನೊಂದು ಮಾತು ಹಚ್ಚುವುದು ಆಕೆಯಿಂದ ಆಗಲಿಲ್ಲ.

ಮಂಡಳದ ಕೆಲಸದ ರೀತಿ ಸರಪಳಿಯದು. ಎಲ್ಲರೂ ಸಾಲಾಗಿ ನಿಂತು ಬುಟ್ಟಿಯನ್ನೋ ಕಲ್ಲನ್ನೋ ಕೈಯಿಂದ ಕೈಗೆ ದಾಟಿಸುತ್ತಾರೆ. ಒಬ್ಬರು ನಿಂತರೆ ಸಾಲೇ ನಿಲ್ಲುತ್ತದೆ; "ಯಾರಪ್ಪ ಅದು, ನಿದ್ದಿ ಬಂತೇನ?" ಎಂದು ಹಿಂದಿನವರು ಕೂಗುತ್ತಾರೆ. ಚಹಾ ಮುಗಿಸಿ ದಾಕ್ಷಾಯಣಿ ಸಾಲಿಗೆ ನಿಂತಳು. ಐದಾರು ಕಲ್ಲು ದಾಟಿದ ಮೇಲೆ ಆ ಕೆಂಪು ಕಲ್ಲು ಆಕೆಯ ಕೈಗೆ ಬಂತು. ಆಕೆ ಅದನ್ನು ಹಿಡಿದಳು. ಹಿಂದಿನವಳು ಮುಂದಿನ ಕಲ್ಲನ್ನು ಆಗಲೇ ಚಾಚಿದ್ದಳು.

ದಾಕ್ಷಾಯಣಿ ದಾಟಿಸಿದಳು.

ಆ ವಾರ ಮೂರು ಸಲ ಮಹಾಂತನಿಗೆ ಮೆಸೇಜು ಬರೆದಳು, ಮೂರು ಸಲವೂ ಅಳಿಸಿದಳು. ಅಷ್ಟರಲ್ಲಿ ಜೇಸಿಬಿ ಬಂದು ನೆಲ ಸಮ ಮಾಡಿತು, ಜಾಲಿಗಿಡ ಹೋಯಿತು, ಸಿಮೆಂಟಿನ ಬ್ಲಾಕು ಕೂಡಿಸಿ ಟ್ರ್ಯಾಕ್ ಹಾಕಿದರು. ನೂರಿಪ್ಪತ್ತು ಸಸಿ ನೆಟ್ಟು, ಒಂದೊಂದರ ಸುತ್ತಲೂ ಕಲ್ಲು ಜೋಡಿಸಿ, ಕಲ್ಲುಗಳಿಗೆ ಎರಡು ಸಲ ಸುಣ್ಣ ಬಳಿದರು. ಅಹವಾಲಿಗೆ ದಾಕ್ಷಾಯಣಿ ಜಾಲಿಗಿಡದ ಫೋಟೋ ಬಿಟ್ಟು ಉಳಿದವನ್ನು ಕಳಿಸಿದಳು. ಮನೆಯಲ್ಲಿ ಅತ್ತೆ ಭಾಗವ್ವನ ಮುಂದೆ ಮಾತ್ರ ಒಂದು ದಿನ ಬಾಯಿ ಬಿಟ್ಟಳು.

"ಅವತ್ತೇ ಅಂದಿದ್ರ ಹಲ್ಲ ಉದರತಿದ್ದುವೇನ ನಿನ್ನವು?" ಎಂದಳು ಭಾಗವ್ವ. "ಎಂ.ಎ. ಮಟ ಕಲ್ತಾಳಂತ, ಎಮ್ಮೆ!"

ಜೂನಿನ ಮಿರಗದ ಮಳೆ ಎರಡು ದಿನ ಉದುರಿ ನಿಂತಿತ್ತು. ಬೆಳಿಗ್ಗೆ ದಾಕ್ಷಾಯಣಿ ಶಾಲೆಗೆ ಹೊರಟಿದ್ದಾಗ ಯಲ್ಲವ್ವ ಅಂಗಳದಲ್ಲಿ ನಿಂತಿದ್ದಳು. ಹೆಗಲ ಮೇಲೆ ಗಂಟು.

"ಬಾಯಾರ, ಕೆರಿ ದಂಡಿ ಎಲ್ಲಿ ಹೋತ್ರಿ?"

ದಾಕ್ಷಾಯಣಿ ಶಾಲೆಗೆ ರಜೆ ಹೇಳಿ ಆಕೆಯೊಡನೆ ನಡೆದಳು. ಮಹಾಂತ ಅಲ್ಲೇ ಪೈಪು ಹಿಡಿದು ಸಸಿಗಳಿಗೆ ನೀರು ಹಾಕುತ್ತಿದ್ದ. ಯಲ್ಲವ್ವ ಸಂಗತಿ ಹೇಳಿದಾಗ ಆತನ ಮುಖ ನಿಜಕ್ಕೂ ಬಾಡಿತು.

"ಯವ್ವಾ, ದೇವರಾಣಿ, ನಮಗ ಯಾರಿಗೂ ಗೊತ್ತಿದ್ದಿಲ್ಲ ನೋಡು. ಗೊತ್ತಿದ್ರ ಮುಟ್ಟತಿದ್ವೇನ? ಹೌದಿಲ್ಲೋ ಮೇಡಮ್?"

ದಾಕ್ಷಾಯಣಿ ಪೈಪಿನಿಂದ ಹರಿಯುವ ನೀರನ್ನು ನೋಡಿದಳು.

"ಕಲ್ಲ ಎಲ್ಲೂ ಹೋಗಿಲ್ಲವ್ವ," ಎಂದ ಮಹಾಂತ, "ಇಲ್ಲೇ ಅದಾವ. ಹುಡುಕ್ಕೋ. ಸಿಕ್ಕದ್ದ ತಗೊಂಡ ಹೋಗು, ನಾವ್ ಬ್ಯಾಡ ಅನ್ನಂಗಿಲ್ಲ."

ಯಲ್ಲವ್ವ ಸಸಿಯಿಂದ ಸಸಿಗೆ ಕೂತು, ಎದ್ದು, ಉಗುರಿನಿಂದ ಸುಣ್ಣ ಕೆರೆಯತೊಡಗಿದಳು. ಒಂದು ಸಾಲು ಮುಗಿಯುವ ಹೊತ್ತಿಗೆ ಉಗುರು ಒಡೆದು ಬೆರಳಿಗೆ ಸುಣ್ಣ ಹತ್ತಿ ಉರಿಯಿತು. ಸೀರೆಗೆ ಒರೆಸಿಕೊಂಡು ಎದ್ದಳು.

"ಕಲ್ಲ ಬಿಡ್ರಿ. ಕೂಸ ಎಲ್ಲಿ ಐತಿ ಅದನ್ನರ ಹೇಳ್ರಿ."

"ಜೇಸಿಬಿ ಆಡಿದ ನೆಲ ಅದವ್ವ. ಹೆಂಗ ಹೇಳಬೇಕು?" ಮಹಾಂತನ ಕಣ್ಣು ಆಕೆಯ ಗಂಟಿನ ಮೇಲೆ ಬಿತ್ತು. ಒಳಗಿನಿಂದ ಕಲ್ಲಿನ ಮೂಲೆ ಕಾಣುತ್ತಿತ್ತು. "ಈ ವರ್ಷದ್ದನ? ತಾ ಇಲ್ಲೆ, ಒಂದು ಗಿಡಕ್ಕ ಒಂದು ಕಲ್ಲ ಕಡಿಮಿ ಬಿದ್ದದ. ಸುಣ್ಣ ಹಚ್ಚಿ ಕೂಡಸೂಣು. ಚಂದ ಕಾಣತದ."

ಆತ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಯಲ್ಲವ್ವ ಗಂಟನ್ನು ಇನ್ನೊಂದು ಸುತ್ತು ಬಿಗಿದು ಕಟ್ಟಿ ಹೊರಟುಹೋದಳು.

ಸಂಜೆ ಮಹಾಂತನ ಫೋನು ಬಂತು. "ಮೇಡಮ್, ಮೊದಲಿನ ಫೋಟೋ ಏನಾರ ನಿಮ್ಮಂತ್ಯಾಕ ಇದ್ರ ಯಾರಿಗೂ ತೋರಸಬ್ಯಾಡ್ರಿ. ಬರೂ ಗುರುವಾರ ತಪಾಸಣಿ ಅದ. ಅದು ಸುಡಗಾಡ ಇತ್ತಂತ ಸುದ್ದಿ ಆದ್ರ ಎಂಬತ್ತು ಮಂದಿ ಬೆವರು ನೀರಾಗ ಹೋದಂಗ. ನಿಮ್ಮ ಸಾಲಿ ಗೋಡೀನೂ ಅದಲ್ಲ."

"ಹೂಂ," ಎಂದಳು ದಾಕ್ಷಾಯಣಿ.

ಮರುದಿನ ಯಲ್ಲವ್ವನ ಮಂದೆಯನ್ನು ಹುಡುಕಿಕೊಂಡು ಹೋದಳು. ದಾಕ್ಷಾಯಣಿಯ ಮನೆಯ ಹೊಲಕ್ಕೆ ಈ ವರ್ಷ ಆಕೆ ಬಂದಿರಲಿಲ್ಲ. ಡಫಳಾಪುರದ ದಾರಿಯಲ್ಲಿ ಬೇರೆ ಯಾರದೋ ಹೊಲದಲ್ಲಿ ಇಳಿದಿದ್ದಳು. ಗಂಡ ವಿಠೋಬ ಕುರಿ ಕಾಯಲು ಹೋಗಿದ್ದ. ದಾಕ್ಷಾಯಣಿ ಫೋನು ತೆರೆದು ಫೋಟೋ ತೋರಿಸಿದಳು. ಜಾಲಿಗಿಡ, ಬುಡದಲ್ಲಿ ಕಲ್ಲು, ಅವುಗಳ ನೇರಕ್ಕೆ ಹಿಂದೆ ಪಂಪ್‌ಹೌಸಿನ ಬಾಗಿಲು. ಆ ಬಾಗಿಲು ಈಗಲೂ ಅಲ್ಲೇ ಇತ್ತು. ಗಿಡ ಹೋದರೂ ಅಳತೆ ಹೋಗಿರಲಿಲ್ಲ.

ಬಿಸಿಲೇರಿ ಕೆರೆ ದಂಡೆಯ ಹೊಸ ತೋಟದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಇಬ್ಬರೂ ಹೋದರು. ಬಾಗಿಲಿನ ನೇರ ಹಿಡಿದು, ಹಿಂದೆ ಸರಿದು, ಎಡಕ್ಕೆ ಸರಿದು, ಫೋಟೋದಲ್ಲಿದ್ದಂತೆ ಎಲ್ಲ ಕೂಡಿ ಬಂದ ಕಡೆ ನಿಂತಾಗ ಕಾಲ ಕೆಳಗೆ ಸಿಮೆಂಟು ಬ್ಲಾಕು. ಟ್ರ್ಯಾಕಿನ ನಟ್ಟನಡುವೆ. ಮೇಲೆ ಅಂದು ಬೆಳಿಗ್ಗೆ ನಡೆದವರ ಬೂಟಿನ ಕೆಸರು.

ಯಲ್ಲವ್ವ ಕೂತಳು. ಕೆಸರನ್ನು ಕೈಯಿಂದ ಸರಿಸಿದಳು. ಆಮೇಲೆ ಫೋನನ್ನು ಮತ್ತೆ ಇಸಿದುಕೊಂಡು ಬಹಳ ಹೊತ್ತು ನೋಡಿದಳು.

"ಅರಿಷಿಣ ಕಾಣತೈತಿ."

"ಹೌದು."

"ಹಂಗಾರ ನಿಮಗ ಕಂಡಿತ್ತು."

"ಕಂಡಿತ್ತು," ಎಂದಳು ದಾಕ್ಷಾಯಣಿ. "ನಿಂದ ಅಂತ ಗೊತ್ತಿತ್ತು. ಕೆಂಪ ಕಲ್ಲ ನನ್ನ ಕೈಯಾಗ ಬಂತು ಯಲ್ಲವ್ವ. ನಾ ಮುಂದಿನವರಿಗೆ ಕೊಟ್ಟೆ."

ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಆಕೆ ಕಾಯ್ದಳು. ಬೈದಿದ್ದರೆ ಹಗುರಾಗುತ್ತಿತ್ತು.

"ವಜ್ಜಿ ಇತ್ತೇನ್ರಿ ಅದು?" ಎಂದು ಕೇಳಿದಳು ಯಲ್ಲವ್ವ.

"ಏನು?"

"ಕೆಂಪ ಕಲ್ಲ. ಕೊಂಕಣದ ಚಿಪಳೂಣದಿಂದ ತಲಿ ಮ್ಯಾಲ ಹೊತ್ತ ತಂದಿದ್ನಿ. ಒಂದೂವರಿ ತಿಂಗಳ."

"ವಜ್ಜಿ ಇತ್ತು. ಭಾಳ ಭಾರ."

ಯಲ್ಲವ್ವ ತಲೆದೂಗಿದಳು, ಅಷ್ಟಾದರೂ ತಿಳಿಯಿತಲ್ಲ ಎನ್ನುವಂತೆ.

ದಾಕ್ಷಾಯಣಿಗೆ ಆಗ ಮಾತು ಒಡೆದು ಬಂತು. ಭಾನುವಾರ ಎಲ್ಲರ ಮುಂದೆ ಹೇಳುತ್ತೇನೆ, ಮಹಾಂತನ ಎದುರಿಗೇ ಹೇಳುತ್ತೇನೆ, ಬ್ಲಾಕು ಎತ್ತಿಸುತ್ತೇನೆ, ಸ್ಪರ್ಧೆ ಹೋದರೆ ಹೋಗಲಿ, ಗೋಡೆ ಹೋದರೆ ಹೋಗಲಿ. ಎರಡು ತಿಂಗಳು ಅಳೆದು ಸುರಿದು ಕೂಡಿಸಿಟ್ಟ ಮಾತೆಲ್ಲ ಒಮ್ಮೆಲೇ ಆಡಿಬಿಟ್ಟಳು.

"ಬ್ಯಾಡ್ರಿ," ಎಂದಳು ಯಲ್ಲವ್ವ.

"ಯಾಕ?"

"ಹೇಳೂ ಹೊತ್ತನ್ಯಾಗ ಹೇಳಲಿಲ್ಲ. ಈಗ ಹೇಳಿದ್ರ ಏನ ಮಾಡತಾರ? ಕಟ್ಟಿ ಕಟ್ಟತಾರ. ಅದಕ್ಕೂ ಸುಣ್ಣ ಬಳೀತಾರ. ನನ್ನನ್ನ ಬಾಜೂಕ ನಿಂದ್ರಿಸಿ ಫೋಟೋ ಹೊಡೀತಾರ. ನನ್ನ ಮಗಳು ನಿಮ್ಮ ಮಂಡಳದ ಕೆಲಸಕ್ಕ ಬ್ಯಾಡ್ರಿ ಬಾಯಾರ. ಹೆಂಗ ಮಲಗ್ಯಾಳ ಹಂಗ ಮಲಗಲಿ. ತುಳಿಯಾವ್ರು ತಿಳೀದ ತುಳೀತಾರ, ಅದನ್ನರ ತಡಕೋಬಹುದು."

ಸೊಂಟದ ಚೀಲದಿಂದ ಬೀರದೇವರ ಭಂಡಾರ, ಒಂದು ಚಿಟಿಕೆ ಅರಿಶಿನದ ಪುಡಿ ತೆಗೆದು ದಾಕ್ಷಾಯಣಿಯ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು. ಭಂಡಾರ ಮುಟ್ಟಿ ಕೊಟ್ಟ ಮಾತನ್ನು ಆ ಸೀಮೆಯಲ್ಲಿ ಯಾರೂ ಮುರಿಯುವುದಿಲ್ಲ.

"ಯಾರ ಕೇಳಿದ್ರೂ ಜಾಗ ಹೇಳೂದಿಲ್ಲ ಅನ್ರಿ. ಆ ಫೋಟೋ ಅಳಸ್ರಿ, ನನ್ನ ಕಣ್ಣೆದುರಿಗಿ. ಬಾಯಿ ಮುಚ್ಚಿ ಇರೂದು ನಿಮಗ ಬರತೈತಿ."

ದಾಕ್ಷಾಯಣಿ ಮಾತು ಕೊಟ್ಟಳು. ಅಳಿಸಿದಳು. ಯಲ್ಲವ್ವ ಆ ವರ್ಷದ ಕಲ್ಲನ್ನು ಅಲ್ಲಿಡಲಿಲ್ಲ. ಗಂಟಿನೊಂದಿಗೆ ಹೊತ್ತುಕೊಂಡೇ ಹೋದಳು.

ಮಂಡಳಕ್ಕೆ ಎರಡನೆಯ ಬಹುಮಾನ ಬಂತು. ಹಾರ ತುರಾಯಿ ಮುಗಿದ ಮೇಲಿನ ಭಾನುವಾರ ಮಹಾಂತ ಎದ್ದು ನಿಂತು, ತನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ ಎಂದ. ಆ ಕುರುಬರ ಕೂಸಿನ ಸಲುವಾಗಿ ಏನಾದರೂ ಮಾಡಬೇಕು ಎಂದ.

"ಜಾಗ ಗುರತ ಹಿಡದು ಒಂದು ಕಟ್ಟಿ ಕಟ್ಟೂಣು, ಮ್ಯಾಲ ಹೆಸರು ಹಾಕೂಣು. ಊರಿಗೆ ಚಲೋ ಸಂದೇಶ ಹೋಗತದ. ಮೇಡಮ್, ಮೊದಲಿನ ಫೋಟೋ ನಿಮ್ಮಂತ್ಯಾಕ ಇದ್ದಾವಲ್ಲ, ತಗೀರಿ."

"ಇಲ್ರಿ. ಅಳಿಸೀನಿ."

"ಅಳಿಸೀರಿ? ಜಾಗಾನರ ನೆನಪದನೋ?"

ಎಂಬತ್ತು ಮಂದಿ ಆಕೆಯನ್ನೇ ನೋಡುತ್ತಿದ್ದರು. ಹೇಳಲು ಇಷ್ಟು ತಯಾರಾಗಿ, ಇಷ್ಟು ಸರಿಯಾದ ಮಾತು ಸಿಕ್ಕು, ದಾಕ್ಷಾಯಣಿ ಎಂದೂ ನಿಂತಿರಲಿಲ್ಲ.

"ಗೊತ್ತಿಲ್ಲ," ಎಂದಳು.

"ಅಯ್ಯ ಶಿವನ!" ಎಂದಳು ರುಕ್ಮವ್ವ, ಚಹಾದ ಕಿಟ್ಲಿ ಕೆಳಗಿಟ್ಟು. "ಬಡವಿ ಕೂಸಿನ ಒಂದ ಗುರತ ಇತ್ತು, ಅದನ್ನ ಅಳಸಾಕ ನಿಮಗ ಮನಸರ ಹೆಂಗ ಬಂತ್ರಿ ಅಕ್ಕಾರ? ಕಲ್ತವರು ನೀವು!"

ಯಾರೂ ಆ ಮಾತಿಗೆ ಅಡ್ಡ ಬರಲಿಲ್ಲ. ಹಾಜರಿ ಪುಸ್ತಕ ಮುಂದಿನ ವಾರದಿಂದ ಬೇರೆಯವರ ಕೈಗೆ ಹೋಯಿತು. ಗೋಡೆಯ ಮಾತು ಮತ್ತೆ ಬರಲಿಲ್ಲ.

ಜಾಗ ಸಿಗದಿದ್ದರೂ ಭಾವನೆ ದೊಡ್ಡದು ಎಂದು ಮಂಡಳದವರು ತೋಟದ ಮೂಲೆಯಲ್ಲಿ, ಗೇಟಿನಿಂದ ಚೆನ್ನಾಗಿ ಕಾಣುವಂಥ ಕಡೆ, ಒಂದು ಕಟ್ಟೆ ಕಟ್ಟಿದರು. ಮೇಲೆ ಕಾಜಲ್ ಎಂದು ಮರಾಠಿಯಲ್ಲಿ ಬರೆಸಿದರು. ಬೆಳಗಿನ ಹೊತ್ತು ವಾಕಿಂಗ್ ಬರುವವರು ಅಲ್ಲಿ ನಿಂತು, ಬೂಟು ಬಿಚ್ಚಿ ಬದಿಗಿಟ್ಟು, ಕೈ ಮುಗಿಯುತ್ತಾರೆ. ಆಮೇಲೆ ಬೂಟು ಮೆಟ್ಟಿಕೊಂಡು ಟ್ರ್ಯಾಕಿಗೆ ಇಳಿಯುತ್ತಾರೆ.