ಟೀರ್ ತಂಡದ ಅಂಗಿ

"ಹಸಿರು," ಎಂದ ಎಲ್ಮಾರ್.

"ಹಳದಿ," ಎಂದಳು ಹಿಲ್ಯಾ, ಆಲೂಗಡ್ಡೆ ಸುಲಿಯುವ ಕೈ ನಿಲ್ಲಿಸದೆ.

ಅಡುಗೆಮನೆಯ ಮೇಜಿನ ಮೇಲಿದ್ದ ಹಳೆಯ ಕಪ್ಪು-ಬಿಳುಪು ಫೋಟೊದಲ್ಲಿ ಹನ್ನೊಂದು ಹುಡುಗರು ಬೂದಿಬಣ್ಣದ ಅಂಗಿ ತೊಟ್ಟು ನಗುತ್ತಿದ್ದರು. ಮೀನು ಕಾರ್ಖಾನೆಯ ಮೆಕ್ಯಾನಿಕ್ ತಾರ್ಮೊ ಗಂಡ ಹೆಂಡತಿಯ ಮುಖಗಳನ್ನು ಸರದಿಯಂತೆ ನೋಡಿದ. ಊರಿನ ಕಾಲ್ಚೆಂಡಿನ ತಂಡಕ್ಕೆ ಈಗ ಅವನೇ ನಾಯಕ.

"ಹಳೇ ಅಂಗಿ ಯಾವ ಬಣ್ಣ ಇತ್ತು, ಇಬ್ರೂ ಸೇರಿ ಒಂದು ಹೇಳಿ ಅಜ್ಜಿ. ಬೇಸಿಗೆ ಹಬ್ಬದ ದಿನ ಮ್ಯಾಚು. ಅಷ್ಟರೊಳಗೆ ಅಂಗಿ ಆಗ್ಬೇಕು."

"ಇವನನ್ನ ಕೇಳ್ಬೇಡ. ಇವನು ಗೋಲ್‌ಕೀಪರ್. ಬೂದಿ ಸ್ವೆಟರ್ ಹಾಕ್ಕೊಂಡು ಕಂಬದ ಹತ್ರ ನಿಂತಿರ್ತಿದ್ದ. ಇವನಿಗೇನು ಗೊತ್ತು ಬಣ್ಣ?"

"ಆಟ ಪೂರ್ತಿ ನಾನು ನೋಡ್ತಿದ್ದಿದ್ದೇ ಅವರ ಬೆನ್ನು ಕಣೇ," ಎಂದ ಎಲ್ಮಾರ್. "ಅಷ್ಟು ಹೊತ್ತು ಬೇರೆ ಯಾರು ನೋಡಿದಾರೆ?"

ಕಡಕಸಾರೆ ಎಂಬ ಈ ಊರಿನ ಜನ ಕ್ಲಬ್ಬು ಕಟ್ಟಿದಾಗ ದೇಶ ಹೊಸದಾಗಿ ಸ್ವತಂತ್ರವಾಗಿತ್ತು, ಮೈದಾನ ಹಸುಗಳದ್ದಾಗಿತ್ತು. ಕಡಲಂಚಿನ ಹುಲ್ಲುಗಾವಲಿನ ಮೇಲೆ ತೇಲುವ ಟೀರ್ ಹಕ್ಕಿಯ ಹೆಸರನ್ನೇ ತಂಡಕ್ಕಿಟ್ಟರು. ಆಟಕ್ಕೆ ಮುಂಚೆ ಸಗಣಿ ಬಾಚುವುದು ಊರವರ ಕೆಲಸ. ಹಾಗಿದ್ದೂ ಹೊರಗಿನ ತಂಡಗಳು ಜಾರಿ ಬೀಳುತ್ತಿದ್ದವು, ಊರಿನ ಹುಡುಗರು ಬೀಳುತ್ತಿರಲಿಲ್ಲ. ಆಮೇಲೆ ಯುದ್ಧ ಬಂತು. ಒಂದು ಸೇನೆ ಕೆಲವರನ್ನು ಒಯ್ದಿತು, ಇನ್ನೊಂದು ಸೇನೆ ಮತ್ತೆ ಕೆಲವರನ್ನು. ಹೊಸ ಆಳ್ವಿಕೆಗೆ ಟೀರ್ ಎಂಬ ಹೆಸರೇ ಬೇಡವಾಯಿತು. ಅದೇ ಹುಲ್ಲಿನ ಮೇಲೆ ಮೀನು ಕಾರ್ಖಾನೆಯ ತಂಡ ಆಡತೊಡಗಿತು, ಅರ್ಧ ಆಯುಷ್ಯ ಹಾಗೇ ಕಳೆಯಿತು. ಈಗ ತೊಂಬತ್ತನೆಯ ಇಸವಿಯ ಬೇಸಿಗೆ, ಆ ಆಳ್ವಿಕೆಯ ಹಿಡಿತ ಸಡಿಲಿತ್ತು. ಚೌಕದಲ್ಲಿ ಜನ ಕೈ ಕೈ ಹಿಡಿದು ಹಾಡುತ್ತಿದ್ದರು. ಹಳೆಯ ಬಾವುಟ ಹೊರಬಂದಿತ್ತು, ತಂಡದ ಹೆಸರೂ ಮರಳಿತ್ತು. ಅಂಗಡಿಗಳಲ್ಲಿ ಮಾತ್ರ ಬಟ್ಟೆಯಿರಲಿಲ್ಲ. ಹುಡುಗರ ತಾಯಂದಿರು ಹಾಸಿಗೆಯ ಬಿಳಿ ಹೊದಿಕೆಗಳನ್ನು ಕತ್ತರಿಸಿ ಅಂಗಿ ಹೊಲಿದಿದ್ದರು.

"ಅವತ್ತು ಬಣ್ಣ ಕುದಿಸ್ತಿದ್ದದ್ದು ನೀವೇ ಅಂತೆ," ಎಂದ ತಾರ್ಮೊ.

ಹಿಲ್ಯಾ ಚಾಕು ಇಟ್ಟು ಫೋಟೊವನ್ನು ಹತ್ತಿರಕ್ಕೆ ಎಳೆದುಕೊಂಡಳು. ಬರ್ಚ್ ಮರದ ಎಳೆ ಎಲೆ, ಒಂದು ಹಿಡಿ ಪಟಿಕ, ಅಮ್ಮನ ತಾಮ್ರದ ಹಂಡೆ. ಅಂಗಿ ಒಣಗುವ ಮೊದಲೇ ಹಗ್ಗದಿಂದ ಕಿತ್ತುಕೊಂಡು ಮೈದಾನಕ್ಕೆ ಓಡುತ್ತಿದ್ದ ಅಣ್ಣ ಓಸ್ವಾಲ್ಡ್. ಫೋಟೊದ ನಡುವೆ ಚೆಂಡು ಹಿಡಿದು ಕುಳಿತವನು ಅವನೇ. ನಲವತ್ನಾಲ್ಕರ ಶರತ್ಕಾಲದಲ್ಲಿ ಒಂದು ದಿನ ಅವನ ಹಾಸಿಗೆ ಖಾಲಿಯಿತ್ತು. ದೋಣಿ ಹತ್ತಿ ಸ್ವೀಡನ್ನಿಗೆ ಹೋದ ಎಂದರು. ಅಲ್ಲಿ ತಲುಪಿದ ಸುದ್ದಿ ಬರಲೇ ಇಲ್ಲ. ಅಂದಿನಿಂದ ಅವಳು ಮೈದಾನದ ದಾರಿ ತುಳಿದಿರಲಿಲ್ಲ. ರೊಟ್ಟಿ ಅಂಗಡಿಗೆ ಹೋಗುವಾಗಲೂ ಚರ್ಚಿನ ಹಿಂದಿನಿಂದ ಸುತ್ತಿ ಹೋಗುತ್ತಿದ್ದಳು.

"ಎಲೆ ನೀವು ಹುಡುಗ್ರೇ ತರ್ಬೇಕು," ಎಂದಳು ಕೊನೆಗೆ. "ಮೂಟೆಗಟ್ಟಲೆ. ಕಡ್ಡಿ ಬಂತೋ, ಹುಷಾರ್."

ಹಿತ್ತಿಲಲ್ಲಿ ಒಲೆ ಹೂಡಿ ಅಮ್ಮನ ಹಂಡೆ ಏರಿಸಿದರು. ಜೂನಿನ ಆ ಸಂಜೆಗಳಿಗೆ ಕೊನೆಯೆಂಬುದೇ ಇಲ್ಲ. ಸೂರ್ಯ ಪೈನ್ ಮರಗಳ ಹಿಂದೆ ಇಳಿಯುವಂತೆ ಮಾಡಿ ಅಲ್ಲೇ ಉಳಿಯುತ್ತಾನೆ. ಎಲೆ ಬೆಂದು ಹಸಿ ಕಾಡಿನ ವಾಸನೆ ಬೇಲಿ ದಾಟಿತು. ಮುಳುಗೆದ್ದ ಅಂಗಿಗಳು ಜೇನುತುಪ್ಪದ ಬಣ್ಣಕ್ಕೆ ತಿರುಗಿದವು.

"ನೋಡಿದ್ಯಾ?" ಎಂದಳು ಹಿಲ್ಯಾ. "ಈಗ ಹೇಳು ಹಸಿರು ಅಂತ."

ಎಲ್ಮಾರ್ ಕೋಲಿನಿಂದ ತಿರುವುತ್ತಲೇ ಇದ್ದ. ಹಂಡೆಗೇ ಹೇಳುವವನಂತೆ ಹೇಳಿದ: "ಅವನ ಮೈಮೇಲೆ ಹಸಿರಾಗೇ ಕಂಡಿತ್ತು."

"ಯಾರ ಮೈಮೇಲೆ?"

"ಓಸ್ವಾಲ್ಡ್ ಮೈಮೇಲೆ. ದೋಣಿ ತಳ್ಳಿದ್ದು ನಾನೇ, ಹಿಲ್ಯಾ. ಬೆಳಕು ಹರೀತಿತ್ತು. ಹುಟ್ಟು ಹಾಕೋಕೆ ಅಡ್ಡ ಅಂತ ಕೋಟು ಬಿಚ್ಚಿಟ್ಟ. ಒಳಗೆ ತಂಡದ ಅಂಗಿ. ನೀರಿನ ಮೇಲೆ ಅದು ಹಸಿರಾಗ್ತಾ ಹೋಯ್ತು... ಕಣ್ಮರೆ ಆಗೋವರೆಗೂ ನೋಡ್ದೆ."

ಹಿಲ್ಯಾಳ ಕೈಯಲ್ಲಿದ್ದ ಒದ್ದೆ ಅಂಗಿಯಿಂದ ನೀರು ಅವಳ ಚಪ್ಪಲಿಯ ಮೇಲೆ ಸುರಿಯಿತು.

"ಇಷ್ಟು ವರ್ಷ..."

"ಮೊದಲು ಹೇಳಿದ್ರೆ ಪೊಲೀಸ್ರು ನಿನ್ನನ್ನೂ ಎಳ್ಕೊಂಡ್ ಹೋಗ್ತಾರೇನೋ ಅಂತ ಭಯ. ಆಮೇಲೆ... ಆಮೇಲೆ ಹೇಗೆ ಹೇಳೋದು ಅಂತಾನೇ ಗೊತ್ತಾಗ್ಲಿಲ್ಲ."

ಪಕ್ಕದ ಮನೆಯ ಕೋಳಿಗಳು ಬೇಲಿಯ ಬುಡ ಕೆದಕುತ್ತಿದ್ದವು. ಹಿಲ್ಯಾ ಅಂಗಿಯನ್ನು ಹಿಂಡಿದಳು, ಮತ್ತೆ ಹಿಂಡಿದಳು; ಹಿಂಡಲು ಏನೂ ಉಳಿದಿರಲಿಲ್ಲ.

"ಹೆದರಿದ್ನಾ?"

"ಇಲ್ಲ. ಶಿಳ್ಳೆ ಹೊಡೀತಿದ್ದ. ಸುಮ್ನಿರೋ, ಯಾರಾದ್ರೂ ಕೇಳಿಸ್ಕೋತಾರೆ ಅಂದೆ. ನಕ್ಕ."

"ಹಾಗೇ ಅವನು," ಎಂದಳು ಹಿಲ್ಯಾ. ಅವಳ ದನಿ ಎಲ್ಲಿಂದಲೋ ಬಂದಂತಿತ್ತು. ಕೆನ್ನೆ ಒರೆಸಿಕೊಂಡ ಬೆರಳು ಅಲ್ಲೊಂದು ಹಳದಿ ಗೆರೆ ಎಳೆಯಿತು. ಅವಳು ಎಲ್ಮಾರನನ್ನು ಬೈಯಲಿಲ್ಲ. ಹಗ್ಗದ ಮೇಲೆ ಹರವಿದ್ದ ಅಂಗಿಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಂಡೆಗೆ ಹಾಕಿದಳು.

"ಆಯ್ತಲ್ಲ, ಮತ್ತೆ ಯಾಕೆ?"

"ತಾಮ್ರದಲ್ಲಿ ನೆನೆದಷ್ಟೂ ಹಸಿರು ಬಿಡತ್ತೆ. ಬೆಳಗ್ಗೆವರೆಗೂ ಇರ್ಲಿ."

ಬೆಳಗ್ಗೆ ಹೊರಬಂದ ಬಣ್ಣಕ್ಕೆ ಹೆಸರಿರಲಿಲ್ಲ. ಮೋಡ ಬಂದಾಗ ಒಂದು, ಬಿಸಿಲು ಬಂದಾಗ ಇನ್ನೊಂದು. ತೋಳು ಒಂದು ಬಗೆ, ಬೆನ್ನು ಇನ್ನೊಂದು ಬಗೆ. ತಾರ್ಮೊ ಒಂದನ್ನು ಎದೆಗೆ ಹಿಡಿದು ನೋಡಿಕೊಂಡ.

"ಇದು ಹಸಿರೋ ಹಳದಿಯೋ ಅಜ್ಜಿ?"

"ಇದು ಟೀರ್," ಎಂದಳು ಹಿಲ್ಯಾ.

ಹಬ್ಬದ ದಿನ ಅವಳು ಚರ್ಚಿನ ಹಿಂದಿನ ದಾರಿ ಹಿಡಿಯಲಿಲ್ಲ. ನೀಲಿ ತಲೆವಸ್ತ್ರ ಕಟ್ಟಿ, ಎಲ್ಮಾರನ ತೋಳು ಹಿಡಿದು ನೇರವಾಗಿ ನಡೆದಳು. ಮೈದಾನ ನೆನಪಿನಲ್ಲಿದ್ದಷ್ಟು ದೊಡ್ಡದಿರಲಿಲ್ಲ. ಹುಲ್ಲಿನ ಮೇಲೆ ಹುಡುಗರು ಎಲೆಗಳಂತೆ ಹಾರಾಡುತ್ತಿದ್ದರು. ಅವಳಿಗೆ ಎಲ್ಲರೂ ಒಬ್ಬನೇ ಆಗಿ ಕಂಡು, ಮತ್ತೆ ಬೇರೆ ಬೇರೆಯಾಗುತ್ತಿದ್ದರು. ಹೊರಗಿನ ತಂಡ ಎರಡು ಗೋಲು ಹೊಡೆಯಿತು, ಟೀರ್ ಒಂದು. ಆ ಒಂದಕ್ಕೆ ಊರು ಎದ್ದು ನಿಂತಿತು. ಹಿಲ್ಯಾ ಏನೋ ಕೂಗಿದಳು. ಏನೆಂದು ಪಕ್ಕದಲ್ಲಿದ್ದ ಎಲ್ಮಾರನಿಗೂ ಕೇಳಿಸಲಿಲ್ಲ.

ಆಟ ಮುಗಿದಾಗ ಬೆವರಿಗೆ ಬಣ್ಣ ಬಿಟ್ಟು ಹುಡುಗರ ಕುತ್ತಿಗೆಗೆ ಹತ್ತಿತ್ತು. ಸೋತವರಂತೆ ತೋರದೆ ಅವರು ಒಬ್ಬರನ್ನೊಬ್ಬರು ತಳ್ಳಿಕೊಂಡು, ಅಂಗಿ ತೊಟ್ಟೇ ಕಡಲಿಗೆ ನುಗ್ಗಿದರು. ಆ ಕಡಲು ಬಹಳ ದೂರದವರೆಗೆ ಮೊಣಕಾಲುದ್ದವೇ. ಅವರು ನಡೆಯುತ್ತಲೇ ಹೋದರು, ನೀರು ಅವರ ಸುತ್ತ ಮೆಲ್ಲನೆ ಹಸಿರಿಗೆ ತಿರುಗಿತು.

ಎಲ್ಮಾರ್ ಏನೋ ಹೇಳಲು ಬಾಯಿ ತೆರೆದ. ಹಿಲ್ಯಾ ಬುತ್ತಿ ಬಿಚ್ಚಿ, ಒಂದು ತುಂಡು ಕಪ್ಪು ರೊಟ್ಟಿಯ ಮೇಲೆ ಹೊಗೆಮೀನು ಇಟ್ಟು ಅವನ ಕೈಗಿತ್ತಳು.